ಹನ್ನೊಂದನೇ ಪುಟದ ಜನರಲ್

ಉಪ್ಪಿನಂಗಡಿಯ ಶರೀಫ್ ಅವರ ಸೊಂಟದಲ್ಲಿ ಹದಿನೇಳು ವರ್ಷ ಒಂದು ಕೀಗೊಂಚಲು ತೂಗುತ್ತಿತ್ತು. ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ವಾಹನಗಳ ಬಿಡಿಭಾಗ ಮಾರುವ ಒಂದು ಕಂಪನಿಯ ಗೋದಾಮಿನ ಕೀ ಅದು. ಗೊಂಚಲಿನ ಸದ್ದು ಕೇಳಿದರೆ ಅಲ್ಲಿನ ಬೆಕ್ಕುಗಳೂ ನೆಟ್ಟಗೆ ಕೂರುತ್ತಿದ್ದವು. ಯಾವ ಗಾಡಿಯ ಯಾವ ಸಾಮಾನು ಯಾವ ಕಪಾಟಿನ ಎಷ್ಟನೇ ಅಂತಸ್ತಿನಲ್ಲಿದೆ ಎಂದು ಶರೀಫ್ ಕಣ್ಣು ಮುಚ್ಚಿ ಹೇಳಬಲ್ಲರು. ಮದುವೆಯ ದಿನಾಂಕ ಕೇಳಿದರೆ ಮಾತ್ರ ಹೆಂಡತಿಯ ಮುಖ ನೋಡುತ್ತಾರೆ.

ಗೋದಾಮಿಗೆ ಬೇಕಾದುದೆಲ್ಲ ಇತ್ತು. ಬೇಡವಾದುದು ಒಂದೇ ಇತ್ತು, ಅದು ನಾಯಕತ್ವ. ಅದನ್ನು ಮೈಸೂರು ಕಡೆಯ ಎಂಜಿನಿಯರ್ ಶ್ಯಾಮಸುಂದರ್ ತಮ್ಮ ಜೊತೆಗೇ ತಂದಿದ್ದರು. ಅವರು ಜನರಲ್ ಮ್ಯಾನೇಜರ್. ಆ ಎರಡು ಪದಗಳಲ್ಲಿ ಮೊದಲನೆಯದರ ಮೇಲೆಯೇ ಅವರಿಗೆ ಮಮತೆ ಜಾಸ್ತಿ. ಕ್ಯಾಬಿನ್ನಿನ ಹೊರಗೆ ಗಾಜಿನ ಕಪಾಟು ಮಾಡಿಸಿ, ಅದರಲ್ಲಿ ಅಮೆರಿಕವನ್ನು ಯುದ್ಧಕಾಲದಲ್ಲಿ ನಡೆಸಿದವರ ಜೀವನಚರಿತ್ರೆಗಳನ್ನು ಜೋಡಿಸಿದ್ದರು. ಒಂದೊಂದೂ ಇಟ್ಟಿಗೆ ಗಾತ್ರ. ಬೆಳಿಗ್ಗೆ ಏಳಕ್ಕೆ ಮೂವತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಯಾವುದಾದರೊಂದು ಪುಸ್ತಕವನ್ನು ಎಡಗೈಯಲ್ಲಿ ಎತ್ತಿ ಹಿಡಿದು ಒಂದು ವಾಕ್ಯ ಓದುತ್ತಿದ್ದರು. ಎದುರಿಗೆ ನಿಂತವರು ಈಜಿಪ್ಟಿನವರು, ಬಾಂಗ್ಲಾದವರು, ಮಲಯಾಳಿಗಳು, ನಮ್ಮವರು. ಶತ್ರು ಎಂದರೆ ಪಕ್ಕದ ಗಲ್ಲಿಯ ಇನ್ನೊಂದು ರೇಡಿಯೇಟರ್ ಅಂಗಡಿ.

ಹೋದ ಬೇಸಿಗೆಯ ಮೊದಲಿಗೆ ಆ ಅಂಗಡಿಯನ್ನು ಸೋಲಿಸಲು ಶ್ಯಾಮಸುಂದರ್ ಮುನ್ನೂರು ರೇಡಿಯೇಟರ್ ತರಿಸಿದರು. ಬಂದವು. ಪೆಟ್ಟಿಗೆ ಬಿಚ್ಚಿದರೆ ಎಲ್ಲವೂ ಹಳೆಯ ಮಾದರಿಯ ಪಿಕಪ್ಪಿನವು. ಆ ಪಿಕಪ್ ಈಗ ಕುವೈತಿನ ರಸ್ತೆಯಲ್ಲಿ ಇಲ್ಲ, ಗುಜರಿಯಲ್ಲಿ ಹುಡುಕಿದರೆ ಸಿಕ್ಕೀತು. ಮರುದಿನ ಬೆಳಗಿನ ಸಾಲಿನಲ್ಲಿ ಶ್ಯಾಮಸುಂದರ್ ಪುಸ್ತಕ ಎತ್ತಲಿಲ್ಲ, ಬೆರಳು ಎತ್ತಿದರು.

"ಏನ್ರೀ ಶರೀಫ್, ಹದಿನೇಳು ವರ್ಷ ಸ್ಟೋರಲ್ಲಿ ನಿದ್ದೆ ಹೊಡೆದ್ರಾ? ಇದು ನಮ್ಮ ಗಾಡಿಗಾಗೋದಲ್ಲ ಅಂತ ಹೇಳೋಕೆ ಬಾಯಿರ್ಲಿಲ್ವಾ?"

"ಬರೆದು ಕೊಟ್ಟಿದ್ದೆ ಸರ್. ನೀವು ಸೈನ್ ಸಹ ಮಾಡಿದ್ರಿ."

"ಹೌದಾ? ಎಲ್ಲಿ ಆ ಕಾಗದ?"

ಕಾಗದ ಶ್ಯಾಮಸುಂದರ್ ಕೈಗೇ ಹೋಗಿತ್ತು, ವಾಪಸು ಬಂದಿರಲಿಲ್ಲ. ಶರೀಫ್ ಸುಮ್ಮನೆ ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಕಾಗದ ಇಲ್ಲ. ಸರಿ, ಕೀ ಈ ಕಡೆ ಕೊಡಿ. ತಪ್ಪು ಪೂರ್ತಿ ಇವರದೇ."

ಮೂವತ್ತು ಜನಕ್ಕೂ ತಿಳಿಯಲೆಂದು ಆ ಕೊನೆಯ ಮಾತನ್ನು ಇಂಗ್ಲಿಷಿನಲ್ಲಿ ಒಂದು ಸಲ, ಹಿಂದಿಯಲ್ಲಿ ಒಂದು ಸಲ ಹೇಳಿದರು. ಮೂರು ಭಾಷೆಗಳಲ್ಲಿ ಮಾನ ಹೋಗುವ ಭಾಗ್ಯ ಎಲ್ಲರಿಗೂ ಸಿಗುವಂಥದ್ದಲ್ಲ.

ಕೀಗೊಂಚಲು ಕ್ಯಾಬಿನ್ನಿನ ಮೊಳೆಗೆ ಹೋಯಿತು. ಶರೀಫ್ ಗಾಜಿನ ಕಪಾಟಿನ ಪಕ್ಕದ ಕುರ್ಚಿಗೆ ಹೋದರು. ಹೊಸ ಕೆಲಸ, ದಿನಕ್ಕೊಂದು ಪುಸ್ತಕದಲ್ಲಿ ಮಾರನೆಯ ಬೆಳಗಿನ ವಾಕ್ಯ ಹುಡುಕಿ, ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪುಟದಲ್ಲಿ ಒಂದು ಚೀಟಿ ಸಿಕ್ಕಿಸಿಡುವುದು. ಶ್ಯಾಮಸುಂದರ್ ಚೀಟಿ ಇದ್ದಲ್ಲಿ ತೆರೆದು, ಗೆರೆ ಇದ್ದಷ್ಟು ಓದಿ, ಪುಸ್ತಕ ಮುಚ್ಚುತ್ತಿದ್ದರು. ಮೊದಲೇ ಒಮ್ಮೆ ನೋಡಿಕೊಳ್ಳುವುದೆಲ್ಲ ಸಾಮಾನ್ಯ ಸೈನಿಕರ ಅಭ್ಯಾಸ.

ಸಂಜೆ ರಿಗ್ಗೈ ಬಡಾವಣೆಯ ಫ್ಲ್ಯಾಟಿನಲ್ಲಿ ಹೆಂಡತಿ ಆಯಿಶತ್ ಶಮೀಮಾ ಚಹಾ ಮುಂದಿಟ್ಟು, "ಕುರ್ಚಿ ಸಿಕ್ಕಿತಲ್ಲ, ಎಸಿಯ ಗಾಳಿ ಸಹ. ಬಿಟ್ಟುಬಿಡಿ" ಎಂದಳು.

"ಆ ಮೂವತ್ತು ಜನರ ಎದುರು, ಅದೇ ಬಾಯಿಯಿಂದ, ತಪ್ಪು ನನ್ನದು ಅಂತ ಹೇಳಿಸ್ಬೇಕು. ಆಮೇಲೆ ಬಿಡುವ."

"ಅವರು ಹೇಳುವ ಜನವಾ?"

"ಹೇಳ್ಲಿಕ್ಕಿಲ್ಲ. ಹೇಳಿಸ್ಬೇಕು."

ಪಿಯುಸಿಯ ಇಂಗ್ಲಿಷು, ಫೋನಿನ ಡಿಕ್ಷನರಿ ಹಿಡಿದುಕೊಂಡು ಶರೀಫ್ ಓದತೊಡಗಿದರು. ಓದುವ ಕ್ರಮ ಗೋದಾಮಿನದೇ. ಕಪಾಟಿನ ಪ್ರತಿ ಸಾಮಾನಿಗೂ ಬಂದದ್ದೆಷ್ಟು, ಹೋದದ್ದೆಷ್ಟು, ಕೆಟ್ಟದ್ದೆಷ್ಟು ಎಂದು ಬರೆಯುವ ಬಿನ್ ಕಾರ್ಡ್ ತೂಗುತ್ತದಲ್ಲ, ಹಾಗೆ ಪ್ರತಿ ನಾಯಕನಿಗೂ ಒಂದು ಕಾರ್ಡು ಮಾಡಿದರು. ಗ್ರಾಂಟ್: ಯುದ್ಧಕ್ಕೆ ಮುಂಚೆ ಅಪ್ಪನ ಚರ್ಮದ ಅಂಗಡಿಯಲ್ಲಿ ತಮ್ಮಂದಿರ ಜೊತೆ ಗುಮಾಸ್ತ, ಆಮೇಲೆ ರಿಪೇರಿ ಆಗಿ ಚೆನ್ನಾಗಿ ಓಡಿದೆ. ಪ್ಯಾಟನ್: ಆಸ್ಪತ್ರೆಯಲ್ಲಿ ಇಬ್ಬರು ಸೈನಿಕರ ಕೆನ್ನೆಗೆ ಹೊಡೆದು, ಮೇಲಿನವರ ಆಜ್ಞೆಯ ಮೇಲೆ ಕ್ಷಮೆ ಕೇಳಿದ್ದು; ಎಂಜಿನ್ ಗಟ್ಟಿ, ಬ್ರೇಕ್ ಇಲ್ಲ. ರೂಸ್‌ವೆಲ್ಟ್: ಕಾಲಿಗೆ ಕಬ್ಬಿಣದ ಪಟ್ಟಿ, ನಾಲ್ಕು ಸಲ ಅಧ್ಯಕ್ಷ, ಹೊರಗಿನಿಂದ ಡ್ಯಾಮೇಜ್, ಒಳಗಿನಿಂದ ಇಲ್ಲ. ಶ್ಯಾಮಸುಂದರ್ ಕಂಚಿನ ಪ್ರತಿಮೆಗಳಂತೆ ಹೊಗಳುತ್ತಿದ್ದ ನಾಯಕರಲ್ಲಿ ಒಬ್ಬನೂ ಫ್ಯಾಕ್ಟರಿಯಿಂದ ಬಂದ ಹಾಗೆ ಇರಲಿಲ್ಲ.

ಈ ಕಾರ್ಡುಗಳಿಂದ ಮನೆಯಲ್ಲಿ ಎರಡು ಪಕ್ಷಗಳಾದವು. ಶಮೀಮಾ ಲಿಂಕನ್ ಪಕ್ಷ. ಗೆಟ್ಟಿಸ್‌ಬರ್ಗ್ ಯುದ್ಧದ ನಂತರ ಶತ್ರುವನ್ನು ತಪ್ಪಿಸಿಕೊಳ್ಳಲು ಬಿಟ್ಟ ತನ್ನದೇ ಸೇನಾಪತಿಗೆ ಲಿಂಕನ್ ಕೆಂಡದಂಥ ಪತ್ರ ಬರೆದು, ಕಳಿಸದೆ ಹಾಗೇ ಇಟ್ಟುಕೊಂಡನಂತೆ.

"ನೋಡಿ, ಅಷ್ಟು ದೊಡ್ಡ ಮನುಷ್ಯ. ಬರೆದ, ಇಟ್ಟ, ಸಿಟ್ಟು ಇಳಿಯಿತು. ನೀವೂ ಬರೆದು ಅಲ್ಮಾರಿಯಲ್ಲಿ ಇಡಿ."

ಶರೀಫ್ ಟ್ರೂಮನ್ ಪಕ್ಷ. ಕೊರಿಯಾದಲ್ಲಿ ಯುದ್ಧ ನಡೆಯುತ್ತಿದ್ದಾಗ, ಮಗಳ ಹಾಡು ಚೆನ್ನಾಗಿಲ್ಲ ಎಂದು ಬರೆದ ಪತ್ರಿಕೆಯವನಿಗೆ ಟ್ರೂಮನ್ ಸ್ವತಃ ಕಾಗದ ಬರೆದ, ನೀನು ಸಿಕ್ಕಿದರೆ ನಿನಗೆ ಹೊಸ ಮೂಗು ಬೇಕಾಗುತ್ತದೆ ಎಂದು.

"ಆ ಕಾಗದ ಅಲ್ಮಾರಿಗೆ ಹೋಗ್ಲಿಲ್ಲ ಶಮೀಮಾ. ಪೋಸ್ಟಿಗೆ ಹೋಯ್ತು."

"ಅವನಿಗೆ ದೇಶ ಇತ್ತು. ನಿಮಗೆ ಇಲ್ಲಿ ಇರ್ಲಿಕ್ಕೆ ಒಂದು ಇಕಾಮಾ ಉಂಟು, ಅದು ಸಹ ಡಿಸೆಂಬರಿಗೆ ಮುಗೀತದೆ."

ಪ್ರಾಣ ಹೋಗುವಷ್ಟು ಸತ್ಯವಾದ ಈ ಮಾತು ಕೇಳಿ ಶರೀಫ್ ಲೋಟ ಎತ್ತಿಕೊಂಡರು. ಚಹಾ ಕುಡಿದರು.

ಮೂರನೆಯ ವಾರ ಅವರ ಕೈ ಮೇಲಿನ ಸಾಲಿನ ಅತ್ಯಂತ ದಪ್ಪ ಪುಸ್ತಕಕ್ಕೆ ಹೋಯಿತು. ಐಸೆನ್‌ಹೋವರ್. ಶ್ಯಾಮಸುಂದರ್ ತಮ್ಮ ಇಡೀ ಜೀವನವನ್ನು ಬದಲಿಸಿದ್ದು ಎಂದು ಎಲ್ಲರಿಗೂ ಹೇಳುತ್ತಿದ್ದ ಪುಸ್ತಕ ಅದೇ. ತೆರೆದರೆ ಹನ್ನೊಂದನೇ ಪುಟದಲ್ಲಿ ಗುರುತಿಗೆ ಒಂದು ಮಡಚಿದ ಕಾಗದ. ಮುಂದಿನ ಆರುನೂರು ಪುಟಗಳ ಅಂಚು ಹೊಸ ನೋಟಿನ ಕಂತೆಯಂತೆ ಅಂಟಿಕೊಂಡಿತ್ತು. ಜೀವನ ಹನ್ನೊಂದು ಪುಟಕ್ಕೇ ಬದಲಾಗಿ, ಮುಂದೆ ಓದುವ ಅಗತ್ಯ ಬಿದ್ದಿರಲಿಲ್ಲ.

ಶರೀಫ್ ಕಾಗದ ಬಿಡಿಸಿದರು. ಅವರದೇ ದಪ್ಪಕ್ಷರದ ಇಂಗ್ಲಿಷು. "ಸರ್, ಈ ರೇಡಿಯೇಟರ್ ಹಳೆಯ ಮಾದರಿಗೆ. ನಮಗೆ ಆಗುವುದಿಲ್ಲ. ದಯವಿಟ್ಟು ಆರ್ಡರ್ ನಿಲ್ಲಿಸಿ. ಶರೀಫ್, ಸ್ಟೋರ್ ಕೀಪರ್." ಕೆಳಗೆ ಹಸಿರು ಶಾಯಿಯಲ್ಲಿ, "ನೋಡಿದೆ. ಮುಂದುವರಿಯಿರಿ." ಸಹಿ. ದಿನಾಂಕ.

"ಅಲ್ಹಮ್ದುಲಿಲ್ಲಾ! ನಾಳೆಯೇ ಮಾಲೀಕರಿಗೆ ತೋರಿಸಿ" ಎಂದಳು ರಾತ್ರಿ ವಿಷಯ ಕೇಳಿದ ಶಮೀಮಾ. ಲಿಂಕನ್ ಪಕ್ಷ ಅಲ್ಲಿಗೆ ವಿಸರ್ಜನೆಯಾಯಿತು.

"ತೋರಿಸಿದ್ರೆ ಕ್ಯಾಬಿನ್ ಬಾಗಿಲು ಹಾಕಿ, ಒಳಗೊಳಗೇ ಖಲಾಸ್ ಮಾಡ್ತಾರೆ. ನನ್ನ ಮಾನ ತೆಗೆದದ್ದು ಬಾಗಿಲು ಹಾಕಿಯಾ?"

ಕಾಗದವನ್ನು ಅದೇ ಪುಸ್ತಕದಲ್ಲಿಟ್ಟರು. ಆದರೆ ಹನ್ನೊಂದನೇ ಪುಟದಲ್ಲಲ್ಲ, ತುಂಬ ಮುಂದೆ.

ಆಗಸ್ಟಿನಲ್ಲಿ ಕಂಪನಿಗೆ ನಲವತ್ತು ವರ್ಷ ತುಂಬಿತು. ಎಲ್ಲರೂ ಹಿಡಿಸುವ ಜಾಗ ಗೋದಾಮು ಒಂದೇ, ಆದ್ದರಿಂದ ಬೆಳಿಗ್ಗೆ ಎಂಟಕ್ಕೆ ಅಲ್ಲೇ ಸಭೆ. ಮಾಲೀಕರು ಬಂದು ಮುಂದಿನ ಸೋಫಾದಲ್ಲಿ ಕುಳಿತರು. ಅಬು ಯೂಸುಫ್, ಎಪ್ಪತ್ತು ದಾಟಿದ ಕುವೈತಿ. ಅವರ ತಂದೆ ಬೊಂಬಾಯಿಯ ಜೊತೆ ವ್ಯಾಪಾರ ಮಾಡಿದವರಾದ್ದರಿಂದ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ವೇದಿಕೆಯ ಹಿಂದೆ ಹಸಿರು ತಾಡಪಾಲು ಹೊದಿಸಿದ ಒಂದು ಗುಡ್ಡ. ಮುನ್ನೂರು ರೇಡಿಯೇಟರ್. ಅದರ ಮೇಲೆಯೇ "ನಾಯಕತ್ವದ ನಲವತ್ತು ವರ್ಷ" ಎಂಬ ಬ್ಯಾನರ್ ಕಟ್ಟಿದ್ದರು.

ಶ್ಯಾಮಸುಂದರ್ ಟೈ ಕಟ್ಟಿಕೊಂಡು ಮೈಕಿಗೆ ಬಂದರು. ಎಡಗೈಯಲ್ಲಿ ಐಸೆನ್‌ಹೋವರ್. ಚೀಟಿ ಇದ್ದಲ್ಲಿ ತೆರೆದು, ಗೆರೆ ಇದ್ದಷ್ಟನ್ನೂ ಗಂಭೀರವಾದ ಇಂಗ್ಲಿಷಿನಲ್ಲಿ ಓದಿದರು, ಆಮೇಲೆ ಮಾಲೀಕರಿಗೆ ಇಷ್ಟವೆಂದು ಹಿಂದಿಯಲ್ಲೂ ವಿವರಿಸಿದರು. ಫ್ರಾನ್ಸಿನ ತೀರಕ್ಕೆ ಲಕ್ಷಾಂತರ ಸೈನಿಕರನ್ನು ಇಳಿಸುವ ಮುನ್ನ ಈ ಜನರಲ್, ಒಂದು ವೇಳೆ ಸೋತರೆ ಇರಲಿ ಎಂದು ಒಂದು ಚೀಟಿ ಬರೆದಿಟ್ಟ. ಸೈನಿಕರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದ್ದಾರೆ, ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದು ಎಂದು. ಗಾಬರಿಯಲ್ಲಿ ಜೂನ್ ಬದಲು ಜುಲೈ ಎಂದು ದಿನಾಂಕ ಹಾಕಿದ. ಪಾಕೀಟಿನಲ್ಲಿ ಇಟ್ಟುಕೊಂಡ.

"ಇದು ನಾಯಕತ್ವ!" ಎಂದು ಕೈಯೆತ್ತಿದರು. ಚಪ್ಪಾಳೆ ಬಿತ್ತು. ಚಪ್ಪಾಳೆಯ ಹೊತ್ತಿಗೆ ತಲೆ ತಗ್ಗಿಸಿ ವಿನಯ ತೋರಿಸಬೇಕಲ್ಲ, ತಗ್ಗಿಸಿದರು. ಚೀಟಿಯೆಂದುಕೊಂಡಿದ್ದ ಕಾಗದದ ಮೇಲೆ, ಕಣ್ಣ ಕೆಳಗೇ, ತಮ್ಮದೇ ಹಸಿರು ಶಾಯಿ.

ಮನುಷ್ಯನ ಕೈ ಬುದ್ಧಿಗಿಂತ ಬೇಗ. ಕಾಗದ ಸರಕ್ಕನೆ ಕೋಟಿನ ಜೇಬಿಗೆ ಹೋಯಿತು.

ಅಬು ಯೂಸುಫ್ ನಕ್ಕುಬಿಟ್ಟರು. "ಅರೇ ಭಾಯಿ, ನೀನೂ ಜೇಬಿಗೆ ಹಾಕಿದೆಯಲ್ಲ! ಜನರಲ್ ಬರೆದ ಹಾಗೆ ನೀನೂ ಬರೆದಿದ್ದೀಯಾ? ಯಲ್ಲಾ, ಓದು!"

"ಅದು... ಏನೂ ಇಲ್ಲ, ಬಾಬಾ. ಬರೀ ಬುಕ್‌ಮಾರ್ಕ್."

"ಬುಕ್‌ಮಾರ್ಕಿನಲ್ಲೂ ಅಕ್ಷರ ಇದೆ. ನಾನು ಮುದುಕ, ಕುರುಡ ಅಲ್ಲ."

ಓದಿದರು. ಮೊದಲ ಸಾಲು ಮೈಕಿಗೆ ಕೇಳಿಸಿತು, ಎರಡನೆಯದು ಟೈಗೆ ಮಾತ್ರ. ಮಾಲೀಕರು ಕೈ ಚಾಚಿ ಕಾಗದ ತೆಗೆದುಕೊಂಡು, ಕನ್ನಡಕ ಹಾಕಿ ನಿಧಾನವಾಗಿ ಸಹಿಯವರೆಗೂ ಓದಿದರು. ಆಮೇಲೆ ಬ್ಯಾನರಿನ ಹಿಂದಿನ ಗುಡ್ಡ ನೋಡಿದರು.

ಶ್ಯಾಮಸುಂದರ್ ಮೈಕಿಗೆ ಬಾಗಿದರು. "ಆಕ್ಚುಯಲಿ, ಇದೊಂದು ಕಮ್ಯುನಿಕೇಶನ್ ಗ್ಯಾಪ್..."

ಹಿಂದಿನ ಸಾಲಿನಿಂದ ಶರೀಫ್ ಎದ್ದು ನಿಂತರು. "ಪುಸ್ತಕದಲ್ಲಿ ಹಾಗೆ ಇಲ್ಲ ಸರ್."

"ಶರೀಫ್, ಆಮೇಲೆ ಮಾತಾಡೋಣ ಕಣ್ರೀ."

"ಗೆರೆ ಎಳೆದದ್ದು ನಾನೇ ಸರ್. ಕೊನೆಯ ಸಾಲು."

ಅಬು ಯೂಸುಫ್ ಕನ್ನಡಕದ ಮೇಲಿನಿಂದ ಶ್ಯಾಮಸುಂದರ್ ಕಡೆ ನೋಡಿದರು. ಶ್ಯಾಮಸುಂದರ್ ಗಂಟಲು ಸರಿಮಾಡಿಕೊಂಡು, ಬೂಟಿನ ಕಡೆ ನೋಡುತ್ತ, "ತಪ್ಪು ನನ್ನದು" ಎಂದರು.

"ಮೈಕಿನಲ್ಲಿ ಸರ್."

"ತಪ್ಪು ನನ್ನದು."

"ಇಂಗ್ಲಿಷಿನಲ್ಲಿ ಸರ್. ಅವತ್ತು ಹೇಳಿದ ಹಾಗೆ."

ಇಂಗ್ಲಿಷಿನಲ್ಲೂ ಆಯಿತು. ಈಜಿಪ್ಟಿನವರು ಈಗ ಮುಂದೆ ಬಾಗಿ ಕುಳಿತರು.

"ಹಿಂದಿ ಬಾಕಿ ಉಂಟು ಸರ್."

ಹಿಂದಿಯಲ್ಲಿ ಹೇಳುವಾಗ ಶ್ಯಾಮಸುಂದರ್ ಲಿಂಗ ತಪ್ಪಿದರು. ಯಾರೂ ತಿದ್ದಲಿಲ್ಲ. ಅಬು ಯೂಸುಫ್ ಕಾಗದ ಮಡಚಿ ತಮ್ಮ ಜೇಬಿಗೆ ಹಾಕಿಕೊಂಡು, "ಚಾಬಿ ಎಲ್ಲಿ?" ಎಂದು ಮಾತ್ರ ಕೇಳಿದರು. ಕ್ಯಾಬಿನ್ನಿನ ಮೊಳೆಯಿಂದ ಗೊಂಚಲು ತರಲು ಶ್ಯಾಮಸುಂದರ್ ತಾವೇ ಹೋಗಬೇಕಾಯಿತು. ಗೋದಾಮಿನ ಉದ್ದಕ್ಕೂ ಅದು ಅವರ ಕೈಯಲ್ಲಿ ಕಿಣಿಕಿಣಿ ಎನ್ನುತ್ತ ಬಂತು. ಬೆಕ್ಕುಗಳು ನೆಟ್ಟಗೆ ಕುಳಿತವು.

ಇಲ್ಲಿಗೆ ಮುಗಿದಿದ್ದರೆ ಶರೀಫ್ ದೊಡ್ಡ ಮನುಷ್ಯರ ಸಾಲಿಗೆ ಸೇರುತ್ತಿದ್ದರು. ಅವರಿಗೆ ಆ ಆಸೆ ಇಲ್ಲ. ಈಗ ಕೀ ಸೊಂಟದಲ್ಲಿದೆ, ಪುಸ್ತಕಗಳು ಕಪಾಟಿನಲ್ಲಿವೆ, ಐಸೆನ್‌ಹೋವರನ ಕಾರ್ಡಿನಲ್ಲಿ "ಒಳ್ಳೆಯ ಸಾಮಾನು, ತಕ್ಷಣ ಉಪಯೋಗಕ್ಕೆ ಬಂದಿದೆ" ಎಂದು ಬರೆದಿದೆ. ಬೆಳಗಿನ ವಾಕ್ಯ ನಿಂತುಹೋಗಿದೆ. ಅದರ ಬದಲಿಗೆ ದಿನಾ ಏಳಕ್ಕೆ ಶರೀಫ್ ಒಂದು ಚೀಟಿ ಹಿಡಿದು ಕ್ಯಾಬಿನ್ನಿಗೆ ಹೋಗುತ್ತಾರೆ. ಬಾಗಿಲನ್ನು ಪೂರ್ತಿ ತೆರೆದೇ ಇಡುತ್ತಾರೆ.

"ಓದಿ ಸರ್."

"ಓದಿದೆ ಕಣ್ರೀ."

"ಬಾಯಿಬಿಟ್ಟು ಸರ್. ಕೊನೆಯ ಸಾಲಿನವರೆಗೆ."

ಜನರಲ್ ಮ್ಯಾನೇಜರ್ ಇಪ್ಪತ್ತು ಫ್ಯಾನ್‌ಬೆಲ್ಟ್, ಹನ್ನೆರಡು ಆಯಿಲ್ ಫಿಲ್ಟರ್ ಎಂದು ಶಾಲೆಯ ಪಾಠದಂತೆ ಗಟ್ಟಿಯಾಗಿ ಓದಿ ಸಹಿ ಹಾಕುತ್ತಾರೆ.

"ಇನ್ನೂ ಸಾಕಾಗ್ಲಿಲ್ವಾ ನಿಮಗೆ?" ಎಂದು ಮೊನ್ನೆ ಶಮೀಮಾ ಕೇಳಿದಳು. "ಪಾಪ, ಅವರಿಗೂ ವಯಸ್ಸಾಯ್ತು."

ಶರೀಫ್ ಚಹಾದ ಲೋಟ ಕೆಳಗಿಟ್ಟು ಸಮಾಧಾನದಿಂದ ಹೇಳಿದರು: "ರೇಡಿಯೇಟರ್ ಮುನ್ನೂರು ಉಂಟು. ಒಂದೊಂದಕ್ಕೆ ಒಂದೊಂದು ದಿನ. ಇವತ್ತಿಗೆ ನಲವತ್ತೊಂದು ಆಯ್ತು."