ಸೀಮೆಎಣ್ಣೆ ವಿಮಾನ

ಎಪ್ಪತ್ತರ ದಶಕದಲ್ಲಿ ನನ್ನನ್ನು ನೋಡಲು ಬಂದ ಮೂರನೇ ಹುಡುಗ ಹನಕೆರೆಯವನು. ಬೆಂಗಳೂರಿನ ಒಂದು ವಿಮಾನದ ಶೆಡ್ಡಿನಲ್ಲಿ ಫಿಟ್ಟರ್. ಮದ್ದೂರಿನ ಪಕ್ಕದ ನಮ್ಮೂರಿನಲ್ಲಿ ವಿಮಾನವೆಂದರೆ ತಲೆಯೆತ್ತಿ ನೋಡುವ ವಸ್ತು. ಅದಕ್ಕೆ ಸ್ಪ್ಯಾನರ್ ಹಾಕುವವನನ್ನು ಯಾರೂ ಕಂಡಿರಲಿಲ್ಲ.

ಉಪ್ಪಿಟ್ಟು ತಿನ್ನುತ್ತಾ ಅಪ್ಪ ಕೆಲಸದ ವಿಚಾರ ಕೇಳಿದರು. ಹುಡುಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನೆಲದ ಮೇಲೂ ನೀರಿನ ಮೇಲೂ ಇಳಿಯುವ ಹಳೇ ವಿಮಾನವೊಂದಿದೆ, ಅದರ ಪೆಟ್ರೋಲ್ ಎಂಜಿನ್ ಕಿತ್ತು ಟರ್ಬೈನ್ ಎಂಜಿನ್ ಕೂರಿಸುತ್ತಿದ್ದೇವೆ, ಇನ್ನು ಮೇಲೆ ಅದು ಓಡುವುದು ಒಂಥರಾ ಸೀಮೆಎಣ್ಣೆಯಲ್ಲಿ.

ನನ್ನ ಸೋದರಮಾವನಿಗೆ ನಗು ತಡೆಯಲಿಲ್ಲ. "ನೀರ್ಗೂ ಇಳೀತದೆ, ನೆಲಕ್ಕೂ ಇಳೀತದೆ ಅಂದ್ರೆ ಅದು ಇಮಾನ ಅಲ್ಲ ಕಣಪ್ಪ, ಬೆಳ್ಳೂರು ಕೊಕ್ಕರೆ!"

ಅಪ್ಪ ನಗಲಿಲ್ಲ. ಗದ್ದೆಯಲ್ಲಿ ಅವರದೂ ಒಂದು ಸೀಮೆಎಣ್ಣೆ ಪಂಪ್‌ಸೆಟ್ಟಿತ್ತು; ಕೆಮ್ಮಿ ಕೆಮ್ಮಿ ಶುರುವಾಗುವಷ್ಟರಲ್ಲಿ ಬಿಸಿಲೇರುತ್ತಿತ್ತು. "ನಮ್ ಪಂಪ್‌ಸೆಟ್ಟೇ ಸೀಮೆಎಣ್ಣೇಲಿ ನೆಟ್ಗೆ ಓಡಕ್ಕಿಲ್ಲ, ಇಮಾನ ಆರ್ತದಾ?" ಎಂದರು, ಹುಡುಗನ ಕಡೆಯವರೆಲ್ಲ ಹೊರಟ ಮೇಲೆ.

"ಬುಡು ಬಾವ, ಬಾಯಿ ಬುಟ್ರೆ ಬಂಡಲ್ಲು. ಬ್ಯಾಡ ಅಂತ ಯೋಳ್ ಕಳ್ಸು" ಎಂದು ಮಾವ ತೀರ್ಪು ಕೊಟ್ಟೇಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ಮೊದಲು ಬಂದ ಇಬ್ಬರೂ ನನ್ನ ಮೈಬಣ್ಣವನ್ನಷ್ಟೇ ನೋಡಿ ಹೋಗಿದ್ದರು. ಇವನು ಕಾಫಿ ಲೋಟ ತೆಗೆದುಕೊಳ್ಳುತ್ತಾ, "ಹುಷಾರು, ಕೈ ಸುಡುತ್ತೆ" ಎಂದಿದ್ದ. ನನಗೆ ಅವನೇ ಬೇಕಿತ್ತು. ನಾಚಿಕೆ ಬಿಟ್ಟು ಅಪ್ಪನ ಮುಂದೆ ನಿಂತು, "ಅವ್ರು ಸುಳ್ಳು ಯೋಳ್ನಿಲ್ಲ ಕಣಪ್ಪ" ಎಂದೆ. ಅಪ್ಪ ಸೋಮವಾರ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದರು.

ಸಂಜೆ ಅವರು ಬರುವುದನ್ನೇ ಮಾವ ಜಗಲಿಯಲ್ಲಿ ಕಾಯುತ್ತಿದ್ದ. ನಾನು ಬಾಗಿಲ ಹಿಂದಿದ್ದೆ.

"ಇಮಾನ ಕಂಡ್ಯಾ ಬಾವ?"

"ಒಳೀಕೆ ಬುಡ್ನಿಲ್ಲ. ಗೇಟ್ ತಾವ್ಕೆ ಅವ್ನೇ ಬಂದ. ಬಟ್ಟೆಯೆಲ್ಲ ಸೀಮೆಎಣ್ಣೆ ವಾಸ್ನೆ. ಆರ್ತದೇನಪ್ಪ ನಿನ್ ಇಮಾನ ಅಂದೆ."

"ಏನಂದ?"

"ಇನ್ನೂ ಆರಿಲ್ಲ ಯಜಮಾನ್ರೇ, ಆರ್ತದೋ ಇಲ್ವೋ ನಂಗೂ ಗೊತ್ತಿಲ್ಲ ಅಂದ."

ಮಾವ ತೊಡೆ ತಟ್ಟಿಕೊಂಡ. "ನೋಡ್ದಾ! ನಾನ್ ಯೋಳ್ನಿಲ್ವಾ?" ಇಷ್ಟು ದೂರ ಹೋದ ಅಪ್ಪನಿಗೆ ಒಂದು ಸುಳ್ಳಾದರೂ ಹೇಳಬಾರದಿತ್ತೇ ಎಂದು ನನಗೆ ಆ ಹುಡುಗನ ಮೇಲೇ ಸಿಟ್ಟು ಬಂತು.

ಅಪ್ಪ ಹೆಗಲ ಟವಲ್ಲಿನಿಂದ ಮುಖ ಒರೆಸಿಕೊಂಡರು. "ಲೇ, ಬಂಡಲ್ ಬುಡೋನಾಗಿದ್ರೆ ಆರ್ತದೆ ಅಂದ್ಬುಡ್ತಿದ್ದ ಕಣ್ಲಾ. ಎಣ್ಣು ಕೈ ತಪ್ತದೆ ಅಂತ ಗೊತ್ತಿದ್ದೂ ದಿಟ ಯೋಳ್ದ. ಅವ್ನಿಗೇ ಕೊಡ್ತೀನಿ."