ಎಳನೀರು ಬುರುಡೆಯಲ್ಲಿ ಬಂದ ಮೂತ್ರ

ನನಗೆ ಕೋಪ ಮೂಗಿನ ತುದಿಯಲ್ಲೇ. ಎಪ್ಪತ್ತರ ದಶಕದಲ್ಲಿ ತಿಪಟೂರಿಗೂ ತುರುವೇಕೆರೆಗೂ ನಡುವಿನ ಒಂದು ಹಳ್ಳಿಯಲ್ಲಿ ನರ್ಸಾಗಿದ್ದಾಗಲಂತೂ ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಬಸುರಿಯರಿಗೆಲ್ಲ ನನ್ನದೊಂದೇ ಕಟ್ಟಪ್ಪಣೆ: ಬೆಳಗಿನ ಮೊದಲ ಮೂತ್ರವನ್ನು ಮನೆಯಿಂದಲೇ ತರಬೇಕು. ಅದಕ್ಕೆಂದೇ ಒಬ್ಬೊಬ್ಬರಿಗೂ ತೊಳೆದ ಬಾಟಲಿ ಕೊಟ್ಟಿರುತ್ತಿದ್ದೆ.

ಪರೀಕ್ಷೆ ಸುಲಭದ್ದು. ಟೆಸ್ಟ್ ಟ್ಯೂಬಿಗೆ ಮುಕ್ಕಾಲು ಭಾಗ ಮೂತ್ರ ತುಂಬಿ, ಓರೆಯಾಗಿ ಹಿಡಿದು, ಮೇಲ್ಭಾಗವನ್ನಷ್ಟೇ ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ಬೆಳ್ಳಗೆ ಮೋಡ ಕಟ್ಟಿದರೆ ಅಸಿಟಿಕ್ ಆಸಿಡ್ ಮೂರು ಹನಿ ಬಿಡುವುದು. ಮೋಡ ಕರಗಿದರೆ ಚಿಂತೆಯಿಲ್ಲ. ಉಳಿದರೆ ಪ್ರೋಟೀನು ಹೋಗುತ್ತಿದೆ ಎಂದರ್ಥ. ಬಸುರಿಗೆ ಅದು ಒಳ್ಳೆಯದಲ್ಲ, ಫಿಟ್ಸ್ ಬಂದು ತಾಯಿ ಮಗು ಇಬ್ಬರಿಗೂ ಅಪಾಯವಾಗಬಹುದು.

ಒಂದು ಬೆಳಿಗ್ಗೆ ಏಳು ತಿಂಗಳ ಚೊಚ್ಚಲ ಬಸುರಿಯೊಬ್ಬಳು ಅತ್ತೆಯ ಜೊತೆ ಬಂದಳು. ಬಾಣಂತನಕ್ಕೆ ತವರಿಗೆ ಕರೆದೊಯ್ಯಲು ಮರುದಿನವೇ ಅವಳಪ್ಪ ಹಾಲ್ಕುರಿಕೆ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುವವರಿದ್ದರು. ಹುಡುಗಿಯ ಮುಖ ಅರಳಿಕೊಂಡಿತ್ತು. ಕಾಯಿಸಿದೆ. ಮೋಡವೇನು ಬಂತು, ಮೊಸರೇ ಕಟ್ಟಿತು! ಆಸಿಡ್ ಬಿಟ್ಟರೂ ಜಗ್ಗಲಿಲ್ಲ.

“ತವರೂ ಇಲ್ಲ, ಗಿವರೂ ಇಲ್ಲ! ಈಗಲೇ ತಿಪಟೂರು ಆಸ್ಪತ್ರೆಗೆ ಸೇರಿಸ್ರೀ. ಮೈಮೇಲೆ ಜ್ಞಾನ ಬ್ಯಾಡ್ವಾ ನಿಮಗೆ?” ಎಂದು ಅತ್ತೆಯ ಮೇಲೆ ಹರಿಹಾಯ್ದೆ.

ಹುಡುಗಿ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. “ಯುಗಾದಿಯಿಂದ ಅವ್ವನ ಮುಖ ನೋಡಿಲ್ಲ ನರ್ಸಮ್ಮ. ನಂಗೇ ಅಂತ ಅಕ್ಕಿ ಹುರಿದು ಬೀಸಿ ಹುರಿಟ್ಟು ಮಾಡ್ಕಂಡು ಕಾಯ್ತಾ ಕುಂತವ್ಳೆ.”

ಅವಳನ್ನು ಕೂರಿಸಿ ಬಿ.ಪಿ. ನೋಡಿದೆ, ಸರಿಯಾಗಿತ್ತು. ಕಾಲು ಒತ್ತಿ ನೋಡಿದೆ, ಊತವಿಲ್ಲ. ಇದೇನು ಗ್ರಹಚಾರ ಎಂದು ಬಾಟಲಿಯನ್ನು ಬೆಳಕಿಗೆ ಹಿಡಿದರೆ, ಒಳಗೆ ಬಿಳೀ ಚೂರುಗಳು ತೇಲಾಡುತ್ತಿವೆ.

“ಯಾತರಲ್ಲಿ ತಂದ್ರಿ ಇದನ್ನ?”

ಅತ್ತೆ ತಲೆ ತಗ್ಗಿಸಿದಳು. “ತುಂಬಿದ ಬಾಟ್ಲಿ ಹಿಡ್ಕಂಡು ಬೀದೀಲಿ ಬರಾಕೆ ನಾಚ್ಕೆ ಕಣ್ರವ್ವ. ಎಳನೀರು ಬುರುಡೇಲಿ ತಂದು, ನಿಮ್ಮ ಬಾಗ್ಲತ್ರ ಸೆರಗಲ್ಲಿದ್ದ ಬಾಟ್ಲಿಗೆ ಬಗ್ಗಿಸ್ದೆ. ನಮ್ಮೂರಲ್ಲಿ ಎಳನೀರು ಹಿಡ್ಕಂಡೋರ್ನ ಯಾರು ಕೇಳ್ತಾರೆ?”

ಬುರುಡೆಯನ್ನು ತೊಳೆದಿರಲಿಲ್ಲ. ಗಂಜಿಯಂಥ ಎಳೆ ತಿರುಳೂ ಒಳಗೇ ಇತ್ತಂತೆ. ಅಯ್ಯೋ ಶಿವನೇ, ನಾನು ಅಷ್ಟು ಹೊತ್ತು ಬೇಯಿಸಿದ್ದು ತೆಂಗಿನಕಾಯಿಯನ್ನು!

ಬೇರೆ ಬಾಟಲಿಯನ್ನು ಬಿಸಿನೀರಲ್ಲಿ ತೊಳೆದು ಕೊಟ್ಟು ಹುಡುಗಿಯನ್ನು ಹಿತ್ತಿಲಿಗೆ ಕಳಿಸಿದೆ. ಮತ್ತೆ ಕಾಯಿಸಿದೆ. ಕುದಿಯಿತು. ಹನಿ ಬಿಟ್ಟೆ. ಮೇಲಿಂದ ಕೆಳಗಿನವರೆಗೂ ತಿಳಿಯಾಗಿತ್ತು.

“ನಾಳೆ ಗಾಡಿ ಹತ್ತು ತಾಯಿ. ಅಲ್ಲೂ ತಪ್ಪದೆ ತೋರಿಸ್ಕೋ. ಏನೂ ಕೇಳ್ದೆ ಕೂಗಾಡ್ಬುಟ್ಟೆ, ನಂದೇ ತಪ್ಪು” ಎಂದೆ. ಅತ್ತೆ ಉಸ್ಸೆಂದು ಅಲ್ಲೇ ನೆಲದ ಮೇಲೆ ಕುಳಿತಳು.

ಮರುದಿನ ಗಾಡಿ ನನ್ನ ಬಾಗಿಲಲ್ಲೇ ನಿಂತಿತು. ಹುಡುಗಿ ಗಾಡಿಯ ಮೇಲಿಂದಲೇ, ಕೆತ್ತಿದ ಎಳನೀರೊಂದನ್ನು ಕೊಟ್ಟಳು. ಈಸಿಕೊಂಡವಳು, ನನಗೇ ಗೊತ್ತಿಲ್ಲದಂತೆ, ಮೊದಲು ಮೂಸಿ ನೋಡಿದೆ.

“ಕುಡೀರಿ ನರ್ಸಮ್ಮ, ಇದು ಬರೀ ಎಳನೀರೇ!” ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗಾಡಿ ತಿರುವು ದಾಟುವವರೆಗೂ ಆ ನಗು ಕೇಳುತ್ತಿತ್ತು. ಇಂಥ ಹುಡುಗಿಯನ್ನು ಅಳಿಸಿದೆನಲ್ಲ ಎಂದು ನಾಚಿಕೆಯಾಯಿತು. ಎಳನೀರನ್ನು ಮಾತ್ರ ಒಂದು ಹನಿ ಬಿಡದೆ ಕುಡಿದೆ.