ಎಡಗಣ್ಣಿನ ಕೆಳಗೆ ಸುಳಿಯಿದ್ದ ಎತ್ತು

ದನದ ದಲಾಲಿ ಮಾಡುವವನು ಮಂದಿಯ ಮುಖ ನೋಡುವುದಿಲ್ಲ. ಮೂಡಲಗಿಯ ದನದ ಪೇಟೆಯಲ್ಲಿ ಮೂವತ್ತು ವರ್ಷ ನಿಂತಿದ್ದೇನೆ. ಎತ್ತಿನ ಹಲ್ಲು ನೋಡುತ್ತೇನೆ, ಗೊರಸು ನೋಡುತ್ತೇನೆ, ಮೈಮೇಲಿನ ಕೂದಲ ಸುಳಿ ನೋಡುತ್ತೇನೆ. ಮಾರುವವನದು ನನಗೆ ಗೊತ್ತಾಗುವುದು ಕೈ ಮಾತ್ರ. ಟವೆಲ್ಲಿನ ಕೆಳಗೆ ಇಬ್ಬರ ಕೈ ಸೇರಿದರೆ ದರದ ಮಾತೆಲ್ಲ ಬೆರಳಿನಲ್ಲೇ ನಡೆಯುತ್ತದೆ. ಬಾಜೂ ನಿಂತವನಿಗೂ ತಿಳಿಯುವುದಿಲ್ಲ. ಅಷ್ಟು ಹೊತ್ತೂ ಕಣ್ಣು ದನದ ಮೇಲೆಯೇ ಇರುತ್ತದೆ. ಹಾಗಾಗಿ ಒಂದು ಕೊಲೆಯ ಬಗ್ಗೆ ನನಗೆ ಗೊತ್ತಿದ್ದ ಸಂಗತಿ ಆರು ವರ್ಷ ನನ್ನ ಗಮನಕ್ಕೇ ಬರಲಿಲ್ಲ.

ಹತ್ತರಗಿ ಕಡೆಯ ಒಬ್ಬ ರೈತ ತನ್ನ ಎತ್ತನ್ನು ನೆರೆಮನೆಯವನ ಟೆಂಪೋದಲ್ಲಿ ಹಾಕಿಕೊಂಡು ಮೂಡಲಗಿಗೆ ಹೊರಟಿದ್ದ. ಸಂಜೆ ನೆರೆಮನೆಯವನು ಒಬ್ಬನೇ ವಾಪಸು ಬಂದ. "ಎತ್ತು ಅವನ ಕೈಯಾರೆ ಮಾರಿದ, ರೊಕ್ಕ ತಗೊಂಡು ಗೋಕಾಕದಾಗ ಇಳದ, ಆಮ್ಯಾಲೆ ಬರ್ತೇನಿ ಅಂದ" ಎಂದು ಹೇಳಿಕೆ ಕೊಟ್ಟ. ಆ ರೈತ ಬರಲೇ ಇಲ್ಲ. ಯಾರದೋ ಬೆನ್ನು ಹತ್ತಿ ಹೋದ ಎಂದು ಊರು ತೀರ್ಮಾನಿಸಿತು.

ಎರಡು ತಿಂಗಳಾದ ಮೇಲೆ ಪೊಲೀಸರು ಪೇಟೆಗೆ ಬಂದರು. ಜೊತೆಗೆ ಅವನ ಹೆಂಡತಿಯೂ ಇದ್ದಳು. ಮನೆಯವರು ಕೊಟ್ಟಿದ್ದ, ಮುಖವಷ್ಟೇ ಕತ್ತರಿಸಿದ್ದ ಸಣ್ಣ ಫೋಟೊ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು.

"ಇವರು ಬಿಟ್ಟು ಹೋಗ್ಯಾರೋ, ಇವರಿಗೆ ಏನರೆ ಆಗೇತೋ, ಅಷ್ಟ ತಿಳದ್ರ ಸಾಕ್ರಿ ಅಣ್ಣಾರ."

ನೋಡಿಲ್ಲ ಎಂದೆ. ಅದು ಖರೆಯೇ ಆಗಿತ್ತು. ಖಿಲಾರಿ ತಳಿಯ ಬಿಳಿ ಎತ್ತು ತಂದಿದ್ದ ಎಂದೂ ಪೊಲೀಸರು ಹೇಳಿದರು. ನಮ್ಮ ಪೇಟೆಯಲ್ಲಿ ಬಿಳಿ ಎತ್ತು ಕೇಳುವುದೂ ಒಂದೇ, ಮಳೆಗಾಲದಲ್ಲಿ ಕೊಡೆ ಹಿಡಿದವನನ್ನು ಕೇಳುವುದೂ ಒಂದೇ. ಗಿರಾಕಿ ಕಾಯುತ್ತಿದ್ದ, ನಾನು ಅತ್ತ ಹೋದೆ.

ಆರು ವರ್ಷವಾದ ಮೇಲೆ ಗೋಕಾಕದ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತಿದ್ದೆ. ಗೋಡೆಯ ಮೇಲೆ ಆ ಕಾಣೆಯಾದ ರೈತನ ಹೊಸ ಪೋಸ್ಟರ್. ಹುಕ್ಕೇರಿಗೆ ಹೊಸದಾಗಿ ಬಂದಿದ್ದ ಪಿಎಸ್‌ಐ ಹಳೆಯ ಕಡತ ತೆಗೆದು, ಬೇರೆ ಫೋಟೊ ಇದೆಯೇ ಎಂದು ಅವನ ಹೆಂಡತಿಯನ್ನು ಕೇಳಿದ್ದರಂತೆ. ಆಕೆ ಕೊಟ್ಟ, ಕತ್ತರಿಸದ ಫೋಟೊ ಈಗ ಪೋಸ್ಟರಿನಲ್ಲಿತ್ತು. ಅದರಲ್ಲಿ ಅವನು ಎತ್ತಿನ ಕೊರಳು ತಬ್ಬಿ ನಿಂತಿದ್ದ. ಎತ್ತಿನ ಎಡಗಣ್ಣಿನ ಕೆಳಗೆ ಸುಳಿ.

ಚಹಾದ ಕಪ್ಪು ಕೆಳಗಿಟ್ಟೆ. ಆರು ವರ್ಷದ ಹಿಂದೆ ಆ ಎತ್ತನ್ನು ಮಾರಿಸಿದವನು ನಾನೇ. ಆ ಜಾಗದ ಸುಳಿ ಮನೆಗೆ ಕಣ್ಣೀರು ತರುತ್ತದೆ ಎನ್ನುತ್ತಾರೆ. ನನಗೆ ನಂಬಿಕೆಯಿಲ್ಲ, ಆದರೆ ದರ ಇಳಿಸಲು ಅದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಅಂದು ಅದನ್ನೇ ಹಿಡಿದು ಅರ್ಧಕ್ಕರ್ಧ ಕಡಿಮೆ ಕೇಳಿದ್ದೆ. ಟವೆಲ್ಲಿನೊಳಗಿನ ಕೈ ಒಮ್ಮೆಯೂ ಎದುರಾಡದೆ ಒಪ್ಪಿತ್ತು. ಆ ಕೈಯ ಕಿರುಬೆರಳು ಮಡಚುತ್ತಿರಲಿಲ್ಲ. ಮೊದಲ ದರಕ್ಕೇ ಒಪ್ಪುವವನು ತನ್ನದಲ್ಲದ್ದನ್ನು ಮಾರುತ್ತಿದ್ದಾನೆ ಎಂದು ಹೊಸಬರಿಗೆಲ್ಲ ಪಾಠ ಹೇಳುವವನು ನಾನು. ಅಂದು ಮಾತ್ರ ನನ್ನ ನಸೀಬು ಚಲೋ ಇದೆ ಅಂದುಕೊಂಡಿದ್ದೆ. ಮಾರಿದವನು ಒಬ್ಬನೇ ಇದ್ದ. ಹಾಗಾದರೆ ಎತ್ತಿನ ಮಾಲೀಕ ಪೇಟೆಗೆ ಬಂದೇ ಇರಲಿಲ್ಲ.

ಸಂಗತಿ ಹೇಳಿದಾಗ ಜೊತೆಗಿದ್ದ ಇನ್ನೊಬ್ಬ ದಲಾಲ ನಕ್ಕ. "ಏನ್ ಕಾಕಾ, ಪೊಲೀಸರ ಕಡೆ ದಲಾಲಿ ಎಷ್ಟ ಕೇಳಾಂವ?"

"ನೀ ಸುಮ್ಮಕುಂಡ್ರು."

"ಸುಮ್ಮಕುಂಡ್ರಬೇಕಾದಾಂವ ನಾನಲ್ಲ, ನೀನು. ಕೋರ್ಟಿಗೆ ತಿರಗಿ ತಿರಗಿ ಚಪ್ಪಲಿ ಸವೀತಾವು."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಅಲ್ಲಿಂದಲೇ ಹುಕ್ಕೇರಿ ಬಸ್ಸು ಹತ್ತಿದೆ. ನಾಳೆ ಎಂದರೆ ನನ್ನಂಥವನು ಲಾಭ ನಷ್ಟ ಹಾಕುತ್ತ ಕೂರುತ್ತಾನೆ.

ಪಿಎಸ್‌ಐ ಕೇಳಿದರು, "ಮಾರಿದವನ ಮುಖ ಹೆಂಗಿತ್ತು?"

"ನೋಡಿಲ್ರಿ ಸಾಹೇಬ್ರ."

"ಎದುರಿಗೇ ನಿಂತಿದ್ರಿ, ನೋಡಿಲ್ಲಾ?"

"ಎತ್ತಿನ ಮುಖ ಕೇಳ್ರಿ, ಹೇಳ್ತೇನಿ. ಮನಷ್ಯಾಂದು ಕೈ ಕೊಟ್ರ ಗುರ್ತ ಹಿಡಿತೇನಿ."

ಅವರು ನಗಲಿಲ್ಲ. ಒಂದು ದಿನ ಬಿಟ್ಟು ಕರೆಸಿದರು. ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಐದು ಮಂದಿಯನ್ನು ಕೂರಿಸಿದರು. ನಾನು ಟವೆಲ್ ಹೊದಿಸಿ ಒಬ್ಬೊಬ್ಬರ ಕೈ ಹಿಡಿದೆ. ಮೊದಲನೆಯದು ಲಾಠಿ ಹಿಡಿದ ಕೈ. ಎರಡನೆಯದು ಬೆವರಿತ್ತು, ಆದರೆ ಬೆರಳೆಲ್ಲ ಮಡಚುತ್ತಿದ್ದವು. ನಾಲ್ಕನೆಯದು ನನ್ನ ಅಂಗೈಯಲ್ಲಿ ಸುಮ್ಮನೆ ಬಿದ್ದಿತ್ತು. ಕಿರುಬೆರಳು ಕಡ್ಡಿಯ ಹಾಗೆ ನೆಟ್ಟಗೆ.

"ಈ ಗಿರಾಕಿ ಚೌಕಾಸಿ ಮಾಡೂದಿಲ್ರಿ" ಎಂದೆ.

ಬಟ್ಟೆ ಬಿಚ್ಚಿದಾಗ ಟೆಂಪೋದ ನೆರೆಮನೆಯವನು ನೆಲ ನೋಡುತ್ತಿದ್ದ. ಕೈ ಹಿಡಿದು ಹೇಳಿದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ, ಯಾರನ್ನು ಬಿಗಿಯಾಗಿ ಕೇಳಬೇಕೆಂದು ಖಾತ್ರಿಯಾಯಿತು ಅಷ್ಟೆ ಎಂದರು ಪಿಎಸ್‌ಐ. ಕೋರ್ಟಿಗೆ ಬೇಕಾದದ್ದು ಎತ್ತು. ಕೊಂಡವನು ಗೋಕಾಕದ ಹತ್ತಿರದ ನನ್ನ ಹಳೆಯ ಗಿರಾಕಿ. ಎತ್ತು ಇನ್ನೂ ಅವನ ಕೊಟ್ಟಿಗೆಯಲ್ಲಿತ್ತು. ಫೋಟೊ ಹಿಡಿದು ಸುಳಿ ತಾಳೆ ನೋಡಿದರು. ಮಾರಿದವನು ಇವನೇ ಎಂದು ಕೊಂಡವನು ಮುಖ ನೋಡಿ ಹೇಳಿದ. ಆಮೇಲೆ ಪೊಲೀಸರನ್ನೇ ತಿರುಗಿ ಕೇಳಿದ, "ಇದನ್ನ ಸ್ಟೇಷನ್ನಿಗೆ ಒಯ್ದ್ರ ಮೇವು ಯಾರು ಹಾಕಾವ್ರು?" ಒಯ್ಯಲಿಲ್ಲ.

ನೆರೆಮನೆಯವನು ಮಾರನೆಯ ದಿನ ಬಾಯಿಬಿಟ್ಟ. ಹೊಲದ ಬದುವಿನ ಜಗಳ ದಾರಿಯಲ್ಲಿ ಹೊತ್ತಿಕೊಂಡಿತ್ತು. ಅವನು ತೋರಿಸಿದ ಹಾಳು ಕಲ್ಲು ಕ್ವಾರಿಯ ನೀರಿನಿಂದ ಎಲುಬು ತೆಗೆದರು.

ಒಂದು ಮಾತು ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಪೊಲೀಸರು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಹೊರಡಬೇಡಿ. ಅವರು ಮುಖ ತೋರಿಸುತ್ತಾರೆ. ದರ್ಜಿಗೆ ನೆನಪಿರುವುದು ಹೊಲಿಗೆ, ಪಂಕ್ಚರ್ ಅಂಗಡಿಯವನಿಗೆ ಟೈರು. ನಿಮಗೆ ನೆನಪಿರುವುದನ್ನು, ಚಿಲ್ಲರೆ ಅನ್ನಿಸಿದರೂ, ಹೇಳಿಬಿಡಿ. ಹೆಸರು ಗುಟ್ಟಾಗಿಡುತ್ತೇವೆ ಎಂದು ಪೋಸ್ಟರಿನಲ್ಲಿ ಇರುತ್ತದೆ, ಇಡುತ್ತಾರೆ ಕೂಡ. ಸಾಕ್ಷಿ ಹೇಳುತ್ತೇನೆ ಎಂದು ನಾನೇ ಒಪ್ಪಿದ್ದರಿಂದ ನನ್ನ ಹೆಸರು ಹೊರಬಿತ್ತು.

ಕೋರ್ಟಿನ ಜಗಲಿಯಲ್ಲಿ ಆ ರೈತನ ಹೆಂಡತಿ ಬಂದು ಬೆಂಚಿನ ಆ ತುದಿಗೆ ಕೂತಳು. ಅವತ್ತು ಪೇಟೆಯಲ್ಲಿ ಎತ್ತಿನ ಮಾತು ಸರಿಯಾಗಿ ಕೇಳಿಸಿಕೊಂಡಿದ್ದರೆ ಎಂದು ನಾನೇ ಶುರು ಮಾಡಿದೆ. ಆಕೆ ಕೈಯಾಡಿಸಿ ತಡೆದಳು.

"ಅದಕ್ಕ ಬಂದಿಲ್ರಿ ನಾ. ಆರು ವರ್ಷ ದಿನಾ ಮುಂಜಾನಿ, ಬಿಟ್ಟು ಹೋದ್ರು ಅಂತ ಅವರನ್ನ ಬೈದೇನಿ. ರೊಟ್ಟಿ ತಟ್ಟಗೋತ ಬೈದೇನಿ. ಮಕ್ಕಳ ಮುಂದೂ ಬೈದೇನಿ."

ನನ್ನ ಹತ್ತಿರ ಯಾವಾಗಲೂ ಒಂದು ಸಲಹೆ ಇರುತ್ತದೆ. "ಮಕ್ಕಳನ್ನ ಕುಂದ್ರಿಸಿ ಹೇಳ್ರಿ ಅವ್ವಾರ, ನಿಮ್ಮಪ್ಪ ಬಿಟ್ಟು ಹೋಗಿರಲಿಲ್ಲ ಅಂತ. ಊರವರಿಗೂ ಹೇಳ್ರಿ" ಎಂದೆ.

"ಮಕ್ಕಳಿಗೆ ಹೇಳೇನ್ರಿ. ಊರಿಗೂ ಹೇಳ್ತೇನಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬೈಸಿಕೊಂಡ ಅವರಿಗೆ ಹೆಂಗ ಹೇಳ್ಲಿ?"

ಒಳಗಿನಿಂದ ನನ್ನ ಹೆಸರು ಕೂಗಿದರು. ನಾನು ಎದ್ದೆ.